ಕಾಂದಿವಲಿಯ ಮೆಡಿಕಲ್ಲಿಗೆ ಬಂದ ಉಪ್ಪಾಗೆ

ಕಾಂದಿವಲಿ ಪಶ್ಚಿಮದ ಮಹಾವೀರ ನಗರದಲ್ಲಿ, ಚಾರ್‌ಕೋಪ್‌ನಲ್ಲಿ, ಹಳಿ ದಾಟಿ ಪೂರ್ವಕ್ಕೆ ಹೋದರೆ ಠಾಕೂರ್ ವಿಲೇಜಿನಲ್ಲಿ, ಸಂಜೆ ಏಳೂವರೆಯ ಹೊತ್ತಿಗೆ ಮೆಡಿಕಲ್ ಶಾಪುಗಳ ಮುಂದೆ ಜನ ಸೇರುತ್ತಾರೆ. ಚರ್ಚ್‌ಗೇಟ್ ಕಡೆಯಿಂದ ಬಂದ ಲೋಕಲ್ ಇಳಿದು ಮನೆಗೆ ಹೋಗುವ ದಾರಿಯಲ್ಲಿ ಮಗುವಿನ ಕೆಮ್ಮಿನ ಸಿರಪ್ಪು, ಅತ್ತೆಯ ಬಿಪಿ ಮಾತ್ರೆ, ತನಗೊಂದು ತಲೆನೋವಿನ ಪಟ್ಟಿ ಒಯ್ಯುವವರು. ಅವರ ನಡುವೆ ಒಬ್ಬಾಕೆ ಪಕ್ಕದವರಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾಳೆ: "ಭೈಯಾ, ವಜನ್ ಕಮ್ ಕರ್ನೇ ಕಾ ಕುಛ್ ಹೈ ಕ್ಯಾ?" ಇದೆ. ಗಾಜಿನ ಹಿಂದೆ, ಪ್ರೊಟೀನ್ ಪುಡಿಯ ದೊಡ್ಡ ಡಬ್ಬಗಳ ಪಕ್ಕದಲ್ಲಿ ಸಾಲಾಗಿ ಇದೆ. ಆ ಹುಡುಗ ಚೀಟಿ ಕೇಳುವುದಿಲ್ಲ. ಥೈರಾಯ್ಡ್ ಇದೆಯಾ, ಬಿಪಿ ಇದೆಯಾ, ಮಗುವಿಗೆ ಹಾಲೂಡಿಸುತ್ತಿದ್ದೀರಾ ಎಂದು ಕೇಳುವುದಿಲ್ಲ. ಅವನು ಕೇಳುವುದು ಒಂದೇ: ಅರವತ್ತು ಕ್ಯಾಪ್ಸೂಲಿನ ಡಬ್ಬಿ ಬೇಕೋ, ತೊಂಬತ್ತರದ್ದೋ?

ಇದಕ್ಕೆ ಎಲ್ಲರೂ ಇಟ್ಟುಕೊಂಡಿರುವ ಹೆಸರು 'ಒಟಿಸಿ'. ಓವರ್ ದ ಕೌಂಟರ್. ಕೇಳಿದರೆ ಸರ್ಕಾರವೇ ಪರೀಕ್ಷಿಸಿ, ಇದನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಹುದು ಎಂದು ಮೊಹರು ಒತ್ತಿದ ಹಾಗೆ ಕೇಳಿಸುತ್ತದೆ. ಅಮೆರಿಕದಲ್ಲಿ ಹೌದು, ಅಂಥದ್ದೊಂದು ವರ್ಗ ಇದೆ. ಭಾರತದಲ್ಲಿ ಇಲ್ಲ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಲ್ಲಾಗಲಿ, 1945ರ ನಿಯಮಗಳಲ್ಲಾಗಲಿ 'ಒಟಿಸಿ' ಎಂಬ ಪಟ್ಟಿಯೇ ಇಲ್ಲ. ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳ ಶೆಡ್ಯೂಲ್ ಎಚ್ ಇದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಇಡಬಹುದಾದ ಕೆಲವು ಮನೆಮದ್ದುಗಳಿಗೆ ಶೆಡ್ಯೂಲ್ ಕೆ ವಿನಾಯಿತಿ ಇದೆ. ಒಟಿಸಿ ನೀತಿ ಬೇಕೆಂಬ ಚರ್ಚೆ ವರ್ಷಗಳಿಂದ ನಡೆದಿದೆ, ಅಷ್ಟೇ. ಹಾಗಾದರೆ ಕಾಂದಿವಲಿಯ ಕೌಂಟರಿನ ಮೇಲಿಂದ ದಾಟಿ ಆಕೆಯ ಬ್ಯಾಗಿಗೆ ಹೋದದ್ದು ಏನು? ಒಂದೋ ಅದು ಚೀಟಿ ಬೇಕಾದ ಔಷಧ, ಚೀಟಿ ಇಲ್ಲದೆ ಮಾರಿದ್ದು. ಇಲ್ಲವೇ ಅದು ಕಾನೂನಿನ ಲೆಕ್ಕದಲ್ಲಿ ಔಷಧವೇ ಅಲ್ಲ, ಆಹಾರ. ಎರಡರಲ್ಲಿ ಯಾವುದಾದರೂ 'ಇದು ತೂಕ ಇಳಿಸುತ್ತದೆ, ಇದರಿಂದ ಅಪಾಯವಿಲ್ಲ' ಎಂದು ಯಾರೂ ಆಕೆಗೆ ಭರವಸೆ ಕೊಟ್ಟಿಲ್ಲ.

ಮೊದಲು ಆಹಾರದ ಡಬ್ಬಿಯನ್ನೇ ನೋಡೋಣ. ಮುಂಭಾಗದಲ್ಲಿ ಸಪೂರ ಸೊಂಟದ ಚಿತ್ರ, ಹಸಿರು ಎಲೆ, 'ಗಾರ್ಸಿನಿಯಾ ಕ್ಯಾಂಬೋಜಿಯಾ' ಎಂಬ ಹೆಸರು. ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಮಾತು: ಔಷಧೀಯ ಬಳಕೆಗಾಗಿ ಅಲ್ಲ. ಇದನ್ನು ಅಚ್ಚು ಮಾಡಲೇಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನ್ಯೂಟ್ರಾಸ್ಯೂಟಿಕಲ್ ನಿಯಮ. ಔಷಧಿ ಅಂಗಡಿಯಲ್ಲಿ, ಔಷಧಿಯ ಆಕಾರದಲ್ಲಿ, ಊಟಕ್ಕೆ ಅರ್ಧ ಗಂಟೆ ಮೊದಲು ಎರಡು ಎಂಬ ಔಷಧಿಯ ಲೆಕ್ಕದಲ್ಲಿ ಮಾರುವ ವಸ್ತುವಿನ ಬೆನ್ನಿನ ಮೇಲೆ ತಾನು ಔಷಧಿಯಲ್ಲ ಎಂಬ ಬರಹ. ಕಂಪನಿಯ ವಕೀಲರು ಮಾತ್ರ ಓದುವ ಸಾಲು ಇದು.

ಗಾರ್ಸಿನಿಯಾ ಎಂಬ ವಿದೇಶಿ ಹೆಸರಿನ ಹಿಂದೆ ಇರುವುದು ಉಪ್ಪಾಗೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಪರಿಚಯ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹಣ್ಣಾಗುವ, ಕುಂಬಳಕಾಯಿಯಂತೆ ಗೀರುಗೀರಾದ ಹುಳಿ ಹಣ್ಣು. ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಇದೇ ಹಣ್ಣಿನ ರಸವನ್ನು ಕಪ್ಪಗೆ ಕುದಿಸಿ ಕೊಡಗಿನವರು ಕಾಚಂಪುಳಿ ಮಾಡಿ ಹಂದಿ ಮಾಂಸಕ್ಕೆ ಹಾಕುತ್ತಾರೆ; ಕೇರಳದವರು ಒಣಗಿದ ಸಿಪ್ಪೆಯನ್ನು ಕುಡಂಪುಳಿ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಕರಾವಳಿಯವರ ಪುನರ್ಪುಳಿ, ಅಂದರೆ ಮುರುಗಲು, ಇದರ ದಾಯಾದಿ, ಇದೇ ಅಲ್ಲ. ತಲೆತಲಾಂತರದಿಂದ ಈ ಹುಳಿ ತಿಂದವರಲ್ಲಿ ತೆಳ್ಳಗಿನವರೂ ಇದ್ದರು, ದಪ್ಪಗಿನವರೂ ಇದ್ದರು. ಹಂದಿ ಮಾಂಸದ ಸಾರಿಗೆ ಹಾಕುವ ಹುಳಿಯನ್ನು ಕೊಬ್ಬು ಕರಗಿಸುವ ಮದ್ದೆಂದು ಮಾರಲು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಪ್ರಯೋಗಾಲಯದ ದಾರಿಯಲ್ಲಿ. ಆ ದಾರಿಯ ಮೊದಲ ಮೈಲಿಗಲ್ಲು ಇರುವುದೂ ಕರ್ನಾಟಕದಲ್ಲೇ. ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ಅವರ ಪ್ರಬಂಧ ಹುಳಿಯ ರಸಾಯನಶಾಸ್ತ್ರದ ಬಗ್ಗೆ, ಸೊಂಟದ ಬಗ್ಗೆ ಅಲ್ಲ. ಮುಂದೆ ಅಮೆರಿಕದ ವಿಜ್ಞಾನಿಗಳು, ದೇಹ ಸಕ್ಕರೆಯಿಂದ ಕೊಬ್ಬು ತಯಾರಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡರು. 1970ರ ದಶಕದಲ್ಲಿ ಇಲಿಗಳಿಗೆ ತಿನ್ನಿಸಿದರು. ಇಲಿಗಳು ಕಡಿಮೆ ತಿಂದವು, ತೆಳ್ಳಗಾದವು. ವ್ಯಾಪಾರಕ್ಕೆ ಇಷ್ಟು ಸಾಕಾಯಿತು. 1990ರ ದಶಕದಲ್ಲಿ ಉತ್ತರ ಕನ್ನಡದ ಕಾಡಿನ ಉಪ್ಪಾಗೆ ಸಿಪ್ಪೆಗೆ ಎಂದೂ ಇಲ್ಲದ ಬೆಲೆ ಬಂತು. ಬೆಲೆ ಬಂದ ಮೇಲೆ ಹಣ್ಣಾಗುವವರೆಗೆ ಕಾಯುವವರು ಯಾರು? ಕಾಯಿಯನ್ನೇ ಕಿತ್ತರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಬಿಸಿಲಿಲ್ಲ; ಸಿಪ್ಪೆ ಒಣಗಿಸಲು ಒಲೆ ಬೇಕು, ಒಲೆಗೆ ಮತ್ತೆ ಕಾಡಿನ ಕಟ್ಟಿಗೆಯೇ. ಕಾಡಿನಂಚಿನ ಮನೆಗಳಿಗೆ ಕೆಲವು ವರ್ಷ ನಾಲ್ಕು ಕಾಸು ಸಿಕ್ಕಿದ್ದು ನಿಜ, ಅದನ್ನು ಹಳಿಯುವಂತಿಲ್ಲ. ಆದರೆ ಮರ ತೆತ್ತ ಬೆಲೆ ಯಾವ ಡಬ್ಬಿಯ ಮೇಲೂ ಅಚ್ಚಾಗಿಲ್ಲ.

ಇಲಿ ತೆಳ್ಳಗಾಯಿತು ಸರಿ, ಮನುಷ್ಯ? ಈ ಪ್ರಶ್ನೆಗೆ ಉತ್ತರ ಬಂದು ಕಾಲು ಶತಮಾನ ದಾಟಿದೆ. 1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪ್ರಯೋಗ ಪ್ರಕಟವಾಯಿತು. 135 ಜನ, 12 ವಾರ. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ಬಗೆಯ ಮಿತವಾದ, ನಾರು ಹೆಚ್ಚಿರುವ ಊಟ. ಕೊನೆಗೆ ತೂಗಿದಾಗ ಗಾರ್ಸಿನಿಯಾ ತಿಂದವರು ಸರಾಸರಿ 3.2 ಕಿಲೊ ಇಳಿದಿದ್ದರು. ಹುಸಿ ಮಾತ್ರೆಯವರು 4.1 ಕಿಲೊ.

ಈ ಎರಡು ಅಂಕಿಗಳಲ್ಲಿ ಇಡೀ ಉದ್ಯಮದ ಗುಟ್ಟು ಇದೆ. ಹುಸಿ ಮಾತ್ರೆ ತಿಂದವರೂ ನಾಲ್ಕು ಕಿಲೊ ಇಳಿದರು, ಏಕೆಂದರೆ ಅವರ ಊಟ ಬದಲಾಗಿತ್ತು. ಕಾಂದಿವಲಿಯ ಡಬ್ಬಿಯ ಮೇಲೂ 'ಸಮತೋಲಿತ ಆಹಾರ ಮತ್ತು ವ್ಯಾಯಾಮದೊಂದಿಗೆ' ಎಂಬ ಮಾತು ತಪ್ಪದೆ ಇರುತ್ತದೆ. ಸಾವಿರ ರೂಪಾಯಿ ಕೊಟ್ಟು ಡಬ್ಬಿ ತಂದಾಕೆ ಆ ತಿಂಗಳು ರಾತ್ರಿ ಅನ್ನ ಬಿಡುತ್ತಾಳೆ, ವಡಾಪಾವ್ ಬಿಡುತ್ತಾಳೆ, ಆಟೋ ಬಿಟ್ಟು ಸ್ಟೇಷನ್ನಿಗೆ ನಡೆಯುತ್ತಾಳೆ. ಎರಡು ಕಿಲೊ ಇಳಿಯುತ್ತದೆ. ಆಕೆಯ ಹಸಿವು, ಆಕೆಯ ಕಾಲು ಮಾಡಿದ ಕೆಲಸದ ಕೀರ್ತಿ ಕ್ಯಾಪ್ಸೂಲಿಗೆ ಹೋಗುತ್ತದೆ. ಬಿಲ್ಡಿಂಗಿನ ಮೂರನೇ ಮಹಡಿಯ ಗೆಳತಿಗೆ ಆಕೆಯೇ ಆ ಡಬ್ಬಿಯ ಹೆಸರು ಹೇಳುತ್ತಾಳೆ. ಮುಂದೆ ತೂಕ ಮರಳಿ ಬಂದಾಗ ಕೀರ್ತಿ ಕ್ಯಾಪ್ಸೂಲಿನದೇ, ತಪ್ಪು ಮಾತ್ರ ಆಕೆಯದು: "ನಾನೇ ಬಿಟ್ಟುಬಿಟ್ಟೆ ಮಾರಾಯ್ತಿ." ಸೋತರೂ ಹೆಸರು ಕೆಡದ ಇಂಥ ಸರಕು ಇನ್ನಾವ ವ್ಯಾಪಾರದಲ್ಲಿದೆ?

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2011ರ ವಿಮರ್ಶೆಯೊಂದರಲ್ಲಿ ಗಾರ್ಸಿನಿಯಾ ಪರವಾಗಿ ಒಂದು ವ್ಯತ್ಯಾಸ ಕಂಡಿತು: 0.88 ಕಿಲೊ. ಬಿಗಿಯಾಗಿ ನಡೆಸಿದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡರೆ ಅದೂ ಕರಗಿತು. ಪಿತ್ತದ ಕಲ್ಲಿನಂತೆ ಗಟ್ಟಿ ನಂಬಿಕೆ ಇರುವವರು ಈ 880 ಗ್ರಾಂ ಇಟ್ಟುಕೊಳ್ಳಲಿ. ಬೆಳಿಗ್ಗೆ ಶೌಚಕ್ಕೆ ಹೋಗುವ ಮೊದಲು ಮತ್ತು ನಂತರ ತೂಗಿದರೂ ಇಷ್ಟರ ಆಸುಪಾಸಿನ ವ್ಯತ್ಯಾಸ ಸಿಗುತ್ತದೆ.

ಕೆಲಸ ಮಾಡದಿದ್ದರೆ ಬಿಡಲಿ, ಹಣ್ಣು ತಾನೆ, ಕೆಡುಕಂತೂ ಇಲ್ಲವಲ್ಲ ಎನ್ನುವವರಿದ್ದಾರೆ. ಹಣ್ಣಿನ ಹುಳಿ ಬೇರೆ, ಹಣ್ಣಿನಿಂದ ಹಿಂಡಿ ಗಟ್ಟಿ ಮಾಡಿ ದಿನಕ್ಕೆ ಮೂರು ಹೊತ್ತು ನುಂಗುವ ಸಾರ ಬೇರೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 'ಹೈಡ್ರಾಕ್ಸಿಕಟ್' ಎಂಬ ಜನಪ್ರಿಯ ತೂಕ ಇಳಿಕೆ ಸರಕುಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. 23 ಗಂಭೀರ ಯಕೃತ್ತಿನ ತೊಂದರೆಯ ವರದಿಗಳು, ಅವುಗಳಲ್ಲಿ ಒಂದು ಸಾವು. ಕಂಪನಿ 14 ಉತ್ಪನ್ನಗಳನ್ನು ವಾಪಸು ತೆಗೆದುಕೊಂಡಿತು. ಅವುಗಳಲ್ಲಿ ಕೆಲವದರಲ್ಲಿ ಗಾರ್ಸಿನಿಯಾ ಇತ್ತು. ಕಲಬೆರಕೆಯಲ್ಲಿ ತಪ್ಪು ಯಾವುದರದ್ದು ಎಂಬ ವಾದ ಬಹಳ ಕಾಲ ನಡೆಯಿತು. 2022ರಲ್ಲಿ ಅಮೆರಿಕದ ಔಷಧಜನ್ಯ ಯಕೃತ್ತು ಹಾನಿ ಅಧ್ಯಯನ ಜಾಲ ಗಾರ್ಸಿನಿಯಾ ಸೇರಿದ ಸರಕುಗಳಿಂದಾದ 22 ಪ್ರಕರಣಗಳನ್ನು ವಿವರಿಸಿತು. ಕೆಲವರು ತಿಂದದ್ದು ಬೇರೇನೂ ಸೇರದ ಗಾರ್ಸಿನಿಯಾ. ಒಂದು ನಿರ್ದಿಷ್ಟ ವಂಶವಾಹಿ ಇರುವವರಲ್ಲಿ ಅಪಾಯ ಹೆಚ್ಚು ಎಂದೂ ಕಂಡುಬಂತು. ಅದೇ ಕಪಾಟಿನ ಗ್ರೀನ್ ಟೀ ಸಾರದ ಕ್ಯಾಪ್ಸೂಲಿನದೂ ಇದೇ ಕತೆ: ಅದರ ಮುಖ್ಯ ಅಂಶ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚಾದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಕಪ್ಪಿನಲ್ಲಿ ಕುಡಿಯುವ ಚಹಾದ ಮಾತಲ್ಲ ಇದು.

ಇಂಥ ಹಾನಿ ಅಪರೂಪ, ನಿಜ. ಸಾವಿರಾರು ಜನ ತಿಂದರೂ ಏನೂ ಆಗುವುದಿಲ್ಲ. ಆದರೆ ಅಪರೂಪದ ಅಪಾಯವನ್ನು ಮನುಷ್ಯ ಒಪ್ಪಿಕೊಳ್ಳುವುದು ಏನಾದರೂ ಪ್ರಯೋಜನ ಇದ್ದಾಗ. ಕ್ಷಯದ ಮಾತ್ರೆಗಳೂ ಯಕೃತ್ತಿಗೆ ಪೆಟ್ಟು ಕೊಡಬಲ್ಲವು. ಆದರೂ ಅವನ್ನು ನುಂಗುವುದು ಕ್ಷಯ ಕೊಲ್ಲುತ್ತದೆ ಎಂಬ ಕಾರಣಕ್ಕೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸೊನ್ನೆ ಇಟ್ಟ ಮೇಲೆ ಇನ್ನೊಂದು ತಟ್ಟೆಯಲ್ಲಿ ಸಾಸಿವೆ ಕಾಳಷ್ಟು ಅಪಾಯ ಇಟ್ಟರೂ ಅದು ಆ ಕಡೆಗೇ ವಾಲುತ್ತದೆ.

ಕೆಲವೊಮ್ಮೆ ಗಿಡಮೂಲಿಕೆ ಎಂಬ ಹೆಸರಿನ ಡಬ್ಬಿ ನಿಜಕ್ಕೂ ಕೆಲಸ ಮಾಡುತ್ತದೆ. ಹೆದರಬೇಕಾದದ್ದು ಆಗಲೇ. ಹಸಿವು ಸತ್ತುಹೋಗುತ್ತದೆ, ಬಾಯಿ ಒಣಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ, ಹದಿನೈದು ದಿನದಲ್ಲಿ ಮೂರು ಕಿಲೊ ಹೋಗುತ್ತದೆ. ಎಲೆಬೇರುಗಳು ಹೀಗೆ ಮಾಡುವುದಿಲ್ಲ, ಸಿಬುಟ್ರಮಿನ್ ಮಾಡುತ್ತದೆ. 2007ರಿಂದ 2016ರವರೆಗೆ ಅಮೆರಿಕದ ನಿಯಂತ್ರಣ ಸಂಸ್ಥೆ ಗುಟ್ಟಾಗಿ ಔಷಧ ಬೆರೆಸಿದ 776 ಆಹಾರಪೂರಕಗಳನ್ನು ಗುರುತಿಸಿತ್ತು. ಅವುಗಳಲ್ಲಿ 317 ತೂಕ ಇಳಿಕೆಯವು. ಆ 317ರಲ್ಲಿ 269ರೊಳಗೆ ಸಿಬುಟ್ರಮಿನ್ ಇತ್ತು. ಲೇಬಲ್ಲಿನ ಮೇಲೆ ಅದರ ಹೆಸರಿಲ್ಲ.

ಸಿಬುಟ್ರಮಿನ್ ಒಂದು ಕಾಲದಲ್ಲಿ ಗೌರವಾನ್ವಿತ ಔಷಧವೇ ಆಗಿತ್ತು. 1997ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಭಾರತದಲ್ಲೂ ಕಂಪನಿಗಳು ಮಾರಿದವು. ಆಮೇಲೆ ಸುಮಾರು 9,800 ಜನರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಪ್ರಯೋಗವೊಂದು, ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನು ಹೆಚ್ಚಿಸುತ್ತದೆ ಎಂದು ತೋರಿಸಿತು. ಇಂಥ ಹೃದಯದ ಆಪತ್ತು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 10 ಜನರಿಗೆ ಬಂದರೆ ಸಿಬುಟ್ರಮಿನ್ ತಿಂದವರಲ್ಲಿ 11.4. 2010ರ ಜನವರಿಯಲ್ಲಿ ಯುರೋಪು ನಿಲ್ಲಿಸಿತು, ಅಕ್ಟೋಬರಿನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು, ಭಾರತ ನಿಷೇಧದ ಅಧಿಸೂಚನೆ ಹೊರಡಿಸಿದ್ದು 2011ರ ಫೆಬ್ರುವರಿ 10ರಂದು. ಅದೇ ಅಧಿಸೂಚನೆಯಲ್ಲಿ ಫಿನೈಲ್‌ಪ್ರೊಪನಾಲಮೈನ್ ಕೂಡ ಹೋಯಿತು. ಭಾರತೀಯರಿಗೆ ಅದು ಶೀತದ ಮಾತ್ರೆಯೊಳಗಿನ ವಸ್ತು. ಅಮೆರಿಕದಲ್ಲಿ ಅದೇ ವಸ್ತುವನ್ನು ಹಸಿವು ಕೊಲ್ಲುವ ಮಾತ್ರೆಯಾಗಿ ಚೀಟಿ ಇಲ್ಲದೆ ಮಾರುತ್ತಿದ್ದರು, 2000ನೇ ಇಸವಿಯಲ್ಲಿ ಅದು ಹೆಂಗಸರಲ್ಲಿ ಮೆದುಳಿನ ರಕ್ತಸ್ರಾವ ಉಂಟುಮಾಡುತ್ತದೆಂದು ತಿಳಿಯುವವರೆಗೆ. ಅದಕ್ಕೂ ಮೊದಲು, 1997ರಲ್ಲಿ, ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಹಾಳುಮಾಡಿ ಹೋಗಿತ್ತು. ರಿಮೊನಬಾಂಟ್ ಖಿನ್ನತೆ, ಆತ್ಮಹತ್ಯೆಯ ಯೋಚನೆ ತಂದು 2008ರಲ್ಲಿ ಯುರೋಪಿನಿಂದ, 2009ರ ಡಿಸೆಂಬರಿನಲ್ಲಿ ಭಾರತದಿಂದ ಹೋಯಿತು. ತೂಕ ಇಳಿಸುವ ಮಾತ್ರೆಗಳ ಇತಿಹಾಸ ಎಂದರೆ ದೊಡ್ಡ ಸ್ವಾಗತ, ಕೆಲವು ವರ್ಷಗಳ ವ್ಯಾಪಾರ, ಆಮೇಲೆ ವಾಪಸಾತಿ. ಇವೆಲ್ಲ ಪರೀಕ್ಷೆ ಪಾಸಾಗಿ ಬಂದವು ಎಂಬುದು ನೆನಪಿರಲಿ. ಕಾಂದಿವಲಿಯ ಡಬ್ಬಿಗೆ ಆ ಪರೀಕ್ಷೆಯೂ ಇಲ್ಲ.

ಇನ್ನೂ ಕೆಟ್ಟದ್ದು ಡಿಎನ್‌ಪಿ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾರಿ, ಕಣ್ಣಿಗೆ ಪೊರೆ ಬಂದು, ಜನ ಸತ್ತು, ಆ ದಶಕ ಮುಗಿಯುವ ಮೊದಲೇ ಕೈಬಿಟ್ಟ ರಾಸಾಯನಿಕ. ಇದು ದೇಹದ ಜೀವಕೋಶಗಳಲ್ಲಿ ಶಕ್ತಿಯಾಗಬೇಕಾದದ್ದನ್ನು ಬರೀ ಕಾವಾಗಿಸಿಬಿಡುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೆ ಮೈ ಒಳಗಿನಿಂದಲೇ ಬೇಯುತ್ತದೆ, ಅದಕ್ಕೆ ಪ್ರತ್ಯೌಷಧಿ ಇಲ್ಲ. 2015ರಲ್ಲಿ ಇಂಟರ್‌ಪೋಲ್ ಜಗತ್ತಿಗೆಲ್ಲ ಎಚ್ಚರಿಕೆ ಕಳಿಸಿತು. 2018ರಲ್ಲಿ ಥಾಣೆಯ ಯುವತಿಯೊಬ್ಬರು ಇದನ್ನು ತಿಂದು ತೀರಿಕೊಂಡದ್ದನ್ನು ಮುಂಬೈಯ ಪತ್ರಿಕೆಗಳು ವರದಿ ಮಾಡಿದವು. ಕಾಂದಿವಲಿಯಿಂದ ಥಾಣೆಗೆ ಘೋಡ್‌ಬಂದರ್ ರಸ್ತೆಯಲ್ಲಿ ಬಸ್ಸಿನ ದೂರ.

ಹಾಗಾದರೆ ಕೌಂಟರಿನ ಮೇಲೆ ನಿಜವಾದ, ಪರೀಕ್ಷೆಯಾದ ಔಷಧ ಯಾವುದೂ ಇಲ್ಲವೇ? ಒಂದಿದೆ, ಓರ್ಲಿಸ್ಟಾಟ್. 2007ರಲ್ಲಿ ಇದರ 60 ಮಿಲಿಗ್ರಾಂ ಪ್ರಮಾಣವನ್ನು ಅಮೆರಿಕ ಚೀಟಿ ಇಲ್ಲದೆ ಮಾರಲು ಬಿಟ್ಟಿತು. ಇಲ್ಲಿ ಅದರ ಪಟ್ಟಿಯ ಮೇಲೆ ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕೆಂದು ಅಚ್ಚಾಗಿದೆ, ಕೌಂಟರಿನಲ್ಲಿ ಆ ಅಕ್ಷರ ಯಾರಿಗೂ ಕಾಣುವುದಿಲ್ಲ. ಓರ್ಲಿಸ್ಟಾಟ್ ಮೋಸವಲ್ಲ. ತಿಂದ ಜಿಡ್ಡಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದ ಆಸುಪಾಸು ಕರುಳಿಗೆ ಹೀರಲು ಬಿಡುವುದಿಲ್ಲ. ಊಟದ ಪಥ್ಯದ ಜೊತೆ ವರ್ಷವಿಡೀ ತಿಂದರೆ ಹುಸಿ ಮಾತ್ರೆಗಿಂತ ಎರಡೂವರೆ ಮೂರು ಕಿಲೊ ಹೆಚ್ಚು ಇಳಿಯುತ್ತದೆ. ಒಂದು ವರ್ಷಕ್ಕೆ ಅಷ್ಟೇ. ಹೀರದ ಜಿಡ್ಡು ಎಲ್ಲಿ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಭಾನುವಾರ ತೆಂಗಿನಹಾಲಿನ ಕೋಳಿ ಸಾರು, ರೊಟ್ಟಿ ಹೊಡೆದು ಸೋಮವಾರ ಬೆಳಿಗ್ಗೆ ಚರ್ಚ್‌ಗೇಟ್ ಫಾಸ್ಟ್ ಹತ್ತಿದಾಕೆಗೆ ಉತ್ತರ ಗೊತ್ತಾಗುವುದು ಅಂಧೇರಿ ದಾಟಿದ ಮೇಲೆ. ತಡೆಯಲಾಗದ ಒತ್ತಡ, ಗಾಳಿಯ ಜೊತೆ ಹೊರಬರುವ ಎಣ್ಣೆ, ಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಕಲೆ. ಮುಂಬೈಯ ಲೋಕಲ್ಲಿನಲ್ಲಿ ಶೌಚಾಲಯ ಇಲ್ಲ. ಡಾಕ್ಟರು ಇದನ್ನು ಮೊದಲೇ ಹೇಳುತ್ತಾರೆ. ಅಂಗಡಿಯ ಹುಡುಗ ಹೇಳುವುದಿಲ್ಲ. ಡಾಕ್ಟರು ಇನ್ನೂ ಕೆಲವು ಮಾತು ಹೇಳುತ್ತಾರೆ: ಎ, ಡಿ, ಇ, ಕೆ ಜೀವಸತ್ವಗಳೂ ಜಿಡ್ಡಿನ ಜೊತೆ ಹೊರಗೆ ಹೋಗುತ್ತವೆ, ಅದಕ್ಕೆ ರಾತ್ರಿ ಬೇರೆ ಮಾತ್ರೆ ಬೇಕು, ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರು ಎಚ್ಚರದಿಂದಿರಬೇಕು, ಥೈರಾಕ್ಸಿನ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಇರಬೇಕು.

ಥೈರಾಯ್ಡಿನ ಮಾತು ಬಂತು. ಈ ಇಡೀ ವ್ಯವಹಾರದಲ್ಲಿ ಯಕೃತ್ತಿಗಿಂತ ದೊಡ್ಡ ನಷ್ಟ ಬಹುಶಃ ಇಲ್ಲಿಯೇ ಆಗುತ್ತದೆ. ಮೂವತ್ತೈದರ ಹೆಂಗಸಿನ ತೂಕ ಏಕಾಏಕಿ ಏರಿದರೆ ಅದು ಥೈರಾಯ್ಡ್ ಗ್ರಂಥಿ ಕುಂದಿದ ಸೂಚನೆ ಇರಬಹುದು, ಪಿಸಿಒಎಸ್ ಇರಬಹುದು, ತಿನ್ನುತ್ತಿರುವ ಇನ್ನಾವುದೋ ಮಾತ್ರೆಯ ಪರಿಣಾಮ ಇರಬಹುದು, ಖಿನ್ನತೆ ಇರಬಹುದು. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವ ಕಾಯಿಲೆಯ ಮೇಲೆ ಆಕೆ ಆರು ತಿಂಗಳು ಉಪ್ಪಾಗೆ ಕ್ಯಾಪ್ಸೂಲು ನುಂಗಿ ಕೂತಿರುತ್ತಾಳೆ. ಆ ಆರು ತಿಂಗಳಿನ ಲೆಕ್ಕ ಯಾವ ಇಲಾಖೆಯ ಕಡತಕ್ಕೂ ಬರುವುದಿಲ್ಲ.

ಇಲಾಖೆಗಳೇನೋ ಬೇಕಾದಷ್ಟಿವೆ. ಮಹಾರಾಷ್ಟ್ರದಲ್ಲಿ ಆಹಾರವನ್ನೂ ಔಷಧವನ್ನೂ ನೋಡಿಕೊಳ್ಳುವುದು ಒಂದೇ ಆಡಳಿತ, ಬಾಂದ್ರಾದಲ್ಲಿ ಒಂದೇ ಕಚೇರಿ. ಆದರೂ ಅದೇ ಡಬ್ಬಿ ಆಹಾರದ ಬಾಗಿಲಿನಿಂದ ಒಳಬಂದು ಔಷಧದ ಕಪಾಟಿನಲ್ಲಿ ಕೂರುವಾಗ ಅದನ್ನು ನಿಲ್ಲಿಸುವುದು ಎರಡು ಬಾಗಿಲಿನವರಿಗೂ ತಮ್ಮ ಕೆಲಸ ಅನ್ನಿಸುವುದಿಲ್ಲ. ಕಾನೂನು ಇಲ್ಲ ಎನ್ನುವಂತೆಯೂ ಇಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ; ಇವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಬೊಜ್ಜು ಆ ಪಟ್ಟಿಯಲ್ಲಿದೆ. ಅಂದರೆ ಲೋಕಲ್ಲಿನ ಡಬ್ಬಿಯಲ್ಲಿ ಅಂಟಿಸಿದ 'ತಿಂಗಳಿಗೆ 10 ಕಿಲೊ' ಚೀಟಿ, ಇನ್‌ಸ್ಟಾಗ್ರಾಮಿನ ಹಿಂದೆ-ಮುಂದೆ ಫೋಟೊ, ಕೇಬಲ್ ಚಾನೆಲ್ಲಿನ ಮಧ್ಯಾಹ್ನದ ಕಾರ್ಯಕ್ರಮ, ಇವೆಲ್ಲ ಎಪ್ಪತ್ತು ವರ್ಷ ಹಳೆಯ ಕಾಯ್ದೆಯ ಎದುರು ಕೈಕಟ್ಟಿ ನಿಲ್ಲಬೇಕಾದವು. ಮೊದಲ ಸಲದ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು. 2020ರಲ್ಲಿ ಇದನ್ನು ಎರಡು ವರ್ಷ ಜೈಲು, 10 ಲಕ್ಷ ದಂಡಕ್ಕೆ ಏರಿಸುವ ಕರಡು ಬಂತು. ಅದು ಕರಡಾಗಿಯೇ ಉಳಿದಿದೆ. ಆಯುರ್ವೇದದ ಹೆಸರಿನಲ್ಲಿ ಬರುವ ಸರಕಿಗೆ ಜಾಹೀರಾತಿಗೆ ಮೊದಲು ಅನುಮತಿ ಪಡೆಯಬೇಕೆಂದು 2018ರಲ್ಲಿ ನಿಯಮ 170 ಬಂದಿತ್ತು. 2024ರ ಜುಲೈನಲ್ಲಿ ಆಯುಷ್ ಸಚಿವಾಲಯವೇ ಅದನ್ನು ಕಿತ್ತುಹಾಕಿತು. ಸುಪ್ರೀಂ ಕೋರ್ಟು ಒಂದು ವರ್ಷ ತಡೆ ಹಿಡಿಯಿತು, 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿಸಿತು, ತಡೆಯೂ ಹೋಯಿತು.

ಆಯುರ್ವೇದದ ಹೆಸರು ಹೇಳುವವರು ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವನ್ನಾದರೂ ತೆರೆದು ನೋಡಬಹುದು. ಅತಿ ದಪ್ಪ, ಅತಿ ತೆಳುವು ಎರಡನ್ನೂ ಅಲ್ಲಿ ಚರ್ಚಿಸಲಾಗಿದೆ, ದಪ್ಪದ ಚಿಕಿತ್ಸೆ ತೆಳುವಿನದಕ್ಕಿಂತ ಕಷ್ಟ ಎಂದು ಒಪ್ಪಿಕೊಳ್ಳಲಾಗಿದೆ. ಊಟ, ನಿದ್ದೆ, ದೇಹದ ದುಡಿಮೆ ಬದಲಾಗಬೇಕೆಂಬ ದೀರ್ಘ ವಿವರ ಇದೆ. ತಿಂಗಳಿಗೆ 10 ಕಿಲೊ ಎಂಬ ಭರವಸೆ ಅಲ್ಲಿಲ್ಲ.

ಈ ಮಾತ್ರೆಗಳ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಹಾರಿಸಿ ಹೋಗಲಾಗದು. ಡಾಕ್ಟರ ಬಳಿ ಹೋಗಿ ಎನ್ನುವುದು ಸುಲಭ. ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿ ಹೊರಟು, ಒಂದು ಗಂಟೆ ನಿಂತು ಪ್ರಯಾಣಿಸಿ, ರಾತ್ರಿ ಎಂಟಕ್ಕೆ ಬಂದು ಹತ್ತಕ್ಕೆ ಊಟ ಮಾಡುವವರಿಗೆ ಡಾಕ್ಟರು ಯಾವಾಗ? ಹೋದರೂ ಎಷ್ಟೋ ಡಾಕ್ಟರು ತಲೆ ಎತ್ತದೆ "ಬಾಯಿ ಕಟ್ಟಿ, ವಾಕಿಂಗ್ ಮಾಡಿ" ಎಂದು ಕಳಿಸುತ್ತಾರೆ. ಎಲ್ಲಿ ವಾಕಿಂಗ್? ಫುಟ್‌ಪಾತಿನಲ್ಲಿ ಬೈಕು, ಮೈದಾನದಲ್ಲಿ ಕಾರು. ಹುಡುಗಿ ನೋಡಲು ಬಂದವರು 'ಸ್ವಲ್ಪ ದಪ್ಪ' ಎಂದು ಫೋನಿನಲ್ಲಿ ಹೇಳಿ ಕಳಿಸುತ್ತಾರೆ. ಹೆರಿಗೆಯಾಗಿ ಆರು ತಿಂಗಳಿಗೆ ಊರಿನ ಬ್ರಹ್ಮಕಲಶಕ್ಕೆ ಹೋದರೆ "ಏನೇ ಇಷ್ಟು ಊದಿದ್ದೀ" ಎಂದು ಅತ್ತಿಗೆ ಎಲ್ಲರೆದುರು ಕೇಳುತ್ತಾಳೆ. ಹೋಟೆಲಿನ ಗಲ್ಲೆಯಲ್ಲಿ ಹದಿನಾಲ್ಕು ಗಂಟೆ ಕೂತವನ ಹೊಟ್ಟೆಗೆ ಮಾತ್ರ ಯಾರೂ ಹೆಸರಿಡುವುದಿಲ್ಲ. ಕೌಂಟರಿನ ಎದುರು ದನಿ ತಗ್ಗಿಸುವುದು ಇದೆಲ್ಲದರ ಭಾರಕ್ಕೆ. ಆ ಭಾರ ಆಕೆಯ ಕಲ್ಪನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ನೂರಕ್ಕೆ 24, ಗಂಡಸರಲ್ಲಿ ಸುಮಾರು 23 ಜನ ಅಧಿಕ ತೂಕದವರು ಅಥವಾ ಬೊಜ್ಜಿನವರು.

ಆದರೆ ಈ ವಾದ ಡಾಕ್ಟರು ಸಿಗಬೇಕು, ಬೈಯದೆ ಕೇಳಬೇಕು, ನಡೆಯಲು ಜಾಗ ಬೇಕು ಎಂಬುದನ್ನು ಸಾಧಿಸುತ್ತದೆಯೇ ಹೊರತು ಕ್ಯಾಪ್ಸೂಲನ್ನು ಸಾಧಿಸುವುದಿಲ್ಲ. ಬಾಯಾರಿದವನಿಗೆ ನೀರಿಲ್ಲ ಎಂಬ ಕಾರಣಕ್ಕೆ ಉಪ್ಪುನೀರು ಮಾರುವವನನ್ನು ಉಪಕಾರಿ ಎನ್ನಲಾಗದು. ವಯಸ್ಸಾದವರು ತಮ್ಮ ದುಡ್ಡಿನಲ್ಲಿ ಏನಾದರೂ ತಿನ್ನಲಿ ಎಂಬ ಸ್ವಾತಂತ್ರ್ಯದ ಮಾತೂ ಇದೆ. ಡಬ್ಬಿಯೊಳಗೆ ಏನಿದೆ ಎಂದು ಗೊತ್ತಿದ್ದರೆ ಅದು ಸ್ವಾತಂತ್ರ್ಯ. 317ರಲ್ಲಿ 269 ಎಂಬ ಲೆಕ್ಕದಲ್ಲಿ ಅದು ಬರೀ ಜೂಜು.

ಹಾಗಾಗಿ ಕೇಳಬೇಕಾದದ್ದು ಬಹಳ ಸರಳವಾದದ್ದು. ಕ್ಯಾಪ್ಸೂಲಿನ, ಮಾತ್ರೆಯ, ಪುಡಿಯ ರೂಪದಲ್ಲಿ ಬಂದ ಯಾವುದೇ ವಸ್ತು ತೂಕ ಇಳಿಸುತ್ತೇನೆ ಎಂದ ಕ್ಷಣ ಅದು ಔಷಧವಾಗಬೇಕು. ಚಿತ್ರದಲ್ಲಿ ಹೇಳಲಿ, ಹೆಸರಿನಲ್ಲಿ ಹೇಳಲಿ, 'ಸ್ಲಿಮ್' ಎಂಬ ಒಂದು ಪದದಲ್ಲಿ ಹೇಳಲಿ. ಔಷಧವಾದರೆ ಮನುಷ್ಯರ ಮೇಲಿನ ಪ್ರಯೋಗದಲ್ಲಿ ಹುಸಿ ಮಾತ್ರೆಯನ್ನು ಸೋಲಿಸಿ ತೋರಿಸಲಿ. ತೋರಿಸಲಾಗದವರು ಉಪ್ಪಾಗೆಯನ್ನು ಹುಳಿ ಎಂದೇ ಮಾರಲಿ, ಸಾರಿಗೆ ಹಾಕಲು ಜನ ಕೊಳ್ಳುತ್ತಾರೆ. ಆಡಳಿತದವರು ಅಂಗಡಿಗಳಿಂದಲೂ ಆನ್‌ಲೈನಿನಿಂದಲೂ ಡಬ್ಬಿ ಎತ್ತಿ ಸಿಬುಟ್ರಮಿನ್‌ಗಾಗಿ ಪರೀಕ್ಷಿಸಿ, ಸಿಕ್ಕಿಬಿದ್ದವರ ಹೆಸರನ್ನು ಜನರು ಓದುವ ಭಾಷೆಗಳಲ್ಲಿ ಪ್ರಕಟಿಸಲಿ. ಓರ್ಲಿಸ್ಟಾಟ್ ಚೀಟಿಗೆ ಮಾತ್ರ ಸಿಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಾಗುವುದು ಮೊದಲ ಬೇಡಿಕೆಗೆ ಮಾತ್ರ. ಉಳಿದವಕ್ಕೆ ಇರುವ ಕಾಯ್ದೆಯ ಧೂಳು ಝಾಡಿಸಿದರೆ ಸಾಕು.

ತಡಮಾಡಲು ಸಮಯವೂ ಇಲ್ಲ. ಸಕ್ಕರೆ ಕಾಯಿಲೆಗೆಂದು ಬಂದ ಸೆಮಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಲ್ಲಿ ತೂಕ ಇಳಿಕೆಯ ಔಷಧಗಳಾಗಿ ಭಾರತಕ್ಕೆ ಬಂದವು. ಇವು ನಿಜಕ್ಕೂ ಕೆಲಸ ಮಾಡುತ್ತವೆ: ಸೆಮಗ್ಲುಟೈಡಿನ ಮುಖ್ಯ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ಕೆಲಸ ಮಾಡುವುದರಿಂದಲೇ ಇವಕ್ಕೆ ಡಾಕ್ಟರ ಕಣ್ಣು ಬೇಕು. ವಾಂತಿ, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತದವರೆಗೆ ಹೋಗಬಹುದಾದ ಔಷಧ. ಭಾರತದಲ್ಲಿ ಸೆಮಗ್ಲುಟೈಡಿನ ಪೇಟೆಂಟಿನ ಅವಧಿ 2026ರ ಮಾರ್ಚಿನವರೆಗೆ ಮಾತ್ರ. ಅಲ್ಲಿಂದಾಚೆಗೆ ಅಗ್ಗದ ಬ್ರಾಂಡುಗಳಿಗೆ ದಾರಿ ತೆರೆದಿದೆ. ಗಾರ್ಸಿನಿಯಾಕ್ಕೆ ಚೀಟಿ ಕೇಳಿ ಅಭ್ಯಾಸವಿಲ್ಲದ ಕೌಂಟರು ಇದಕ್ಕೆ ಕೇಳುತ್ತದೆಯೇ?

ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಎಸೆಯುವ ಮೊದಲು ಬ್ಯಾಚ್ ನಂಬರು ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ತಿನ್ನುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಹಸಿವೇ ಇಲ್ಲದೆ ವಾಕರಿಕೆ ಬಂದರೆ, ಎದೆ ಬಡಿತ ಏರಿದರೆ ಅಂದೇ ನಿಲ್ಲಿಸಿ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ಕಾಂದಿವಲಿಯವರಿಗೆ ಪಶ್ಚಿಮದಲ್ಲಿ ಮಹಾನಗರಪಾಲಿಕೆಯ ಶತಾಬ್ದಿ ಆಸ್ಪತ್ರೆ ಇದೆ. ಕೇಸ್ ಪೇಪರ್ ಮಾಡಿಸುವಾಗ 'ಆಯುರ್ವೇದಿಕ್ ಏನೋ ತಿಂತಿದ್ದೆ' ಎಂದು ತೇಲಿಸದೆ ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಡಬೇಕು. ಔಷಧಗಳ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ರೋಗಿಯೂ ಕರೆ ಮಾಡಬಹುದು, ಮನೆಯವರೂ ಮಾಡಬಹುದು.